ಕಾಕಾನ ಬೆಕ್ಕಿಗೆ ಕನ್ನಡ ಬರುವುದಿಲ್ಲ

ನಮ್ಮ ಕಾಕಾನಷ್ಟು ಕಟ್ಟಾ ಸಸ್ಯಾಹಾರಿ ಜರ್ಮನಿಯ ಇಡೀ ಇಂಗೋಲ್‌ಸ್ಟಾಟ್ ಊರಿನಲ್ಲಿ ಇರಲಿಲ್ಲ. ದಿನಕ್ಕೆರಡು ಸಲ ಮಾಂಸದ ಡಬ್ಬಿ ತೆರೆಯುತ್ತಿದ್ದವರೂ ಅವರೇ! ಎರಡೂ ಮಾತು ನಿಜ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಕಾಕಾ ಎಂದರೆ ನನ್ನ ಗಂಡನ ಚಿಕ್ಕಪ್ಪ. ಧಾರವಾಡದವರು, ಮದುವೆಯ ಗೊಡವೆಗೆ ಹೋದವರಲ್ಲ. ಆಗ ಜರ್ಮನ್ ಸರ್ಕಾರ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಕಾರಿನ ಸಾಫ್ಟ್‌ವೇರ್ ಬರೆಯಲು ಬಂದವರಲ್ಲಿ ತಲೆ ನರೆತಿದ್ದವರು ಅವರೊಬ್ಬರೇ. ನಮ್ಮ ಮೇಲಿನ ಮನೆಯಲ್ಲಿದ್ದರು. ಪ್ರಾಣಿಗಳ ಆಶ್ರಯಧಾಮದಿಂದ ಒಂದು ಬೂದು ಹೆಣ್ಣುಬೆಕ್ಕನ್ನು ತಂದು ಸಾಕಿದರು. ಕೆಳಗೆ ಬಸ್ಸು ಕಾರುಗಳ ರಸ್ತೆ, ಹಾಗಾಗಿ ಬೆಕ್ಕು ಹೊಸ್ತಿಲು ದಾಟುವಂತಿರಲಿಲ್ಲ.

ಮೊದಲ ವಾರ ಅದಕ್ಕೆ ಹಾಲು, ಜೋಳದ ಭಕ್ರಿ ಹಾಕಿದರು, ಹೊಟ್ಟೆ ಕೆಟ್ಟಿತು. ಬೆಕ್ಕಿನ ಡಾಕ್ಟರಮ್ಮ ಹಾಲು ಬಿಡಿಸಿ ಮಾಂಸ ಕೊಡಿ ಎಂದರು. ನಾವಾಗಿದ್ದರೆ ಬೆಕ್ಕನ್ನೇ ಹಿಂದಿರುಗಿಸುತ್ತಿದ್ದೆವು, ಅಲ್ಲವೇ? ಕಾಕಾ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಡಬ್ಬಿ ತೆರೆದರು, ಬಡಿಸಿದರು, ನೇರ ಬಚ್ಚಲಿಗೆ ನಡೆದರು. ಬೆಳಿಗ್ಗೆ ಒಂದು ಸ್ನಾನ, ಸಂಜೆ ಇನ್ನೊಂದು. ಜನವರಿಯ ಹಿಮದಲ್ಲೂ ತಪ್ಪಿಸಲಿಲ್ಲ, ಮಹಾನುಭಾವರು.

ಆಮೇಲೆ ಬೆಕ್ಕು ಹೊಟ್ಟೆಯ ಕೂದಲನ್ನೆಲ್ಲ ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತು. ಒಂಟಿತನ, ಬೇಸರ, ಬೇರೇನೂ ರೋಗವಿಲ್ಲ ಎಂದರು ಡಾಕ್ಟರಮ್ಮ. ಕೂರಲು ಕಿಟಕಿ ಬೇಕು, ಆಟ ಬೇಕು, ಹಗಲಲ್ಲಿ ಮಾತಾಡಿಸುವವರು ಬೇಕಂತೆ.

ಕೆಳಗಿನ ಮನೆಯಲ್ಲಿ ನನ್ನ ಸ್ಥಿತಿಯೂ ಹೆಚ್ಚು ಕಡಿಮೆ ಅದೇ. ಕೆಲಸದ ಪರ್ಮಿಟ್ ಇಲ್ಲ, ಭಾಷೆ ಬರುವುದಿಲ್ಲ, ಊಟ ಸೇರುವುದಿಲ್ಲ. ಊರಿಗೆ ಕಳಿಸಿಬಿಡಿ ಎಂದು ಗಂಡನ ಮುಂದೆ ಹಠ ಹಿಡಿದಿದ್ದೆ.

ಮರುದಿನವೇ ಕಾಕಾ ಕೀಲಿಕೈ ತಂದುಕೊಟ್ಟರು. “ದಿನಾ ಮೂರಕ್ಕ ಬಂದು ಇದನ್ನ ಆಡಸವ್ವಾ.”

“ನನಗ ಪರ್ಮಿಟ್ ಇಲ್ಲಲ್ರೀ ಕಾಕಾ.”

“ಇದು ಕೆಲಸಲ್ಲ, ಆಟ. ಆದ್ರ ಒಂದು ಮಾತು. ಇದಕ್ಕ ಕನ್ನಡ ಬರಂಗಿಲ್ಲ. ಜರ್ಮನ್‌ದಾಗನ ಮಾತಾಡಬೇಕು.”

ಮೇಲೆ ಹೋಗಿ ನೋಡಿದರೆ ಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಹಲಗೆ, ಕಿಟಕಿಗೆ ಬಲೆ, ಕೋಲಿನ ತುದಿಗೆ ನನ್ನದೇ ಹಳೆಯ ಇಳಕಲ್ ಸೀರೆಯ ಚೂರು! ಎಲ್ಲೆಲ್ಲೂ ಚೀಟಿಗಳು, ಜರ್ಮನ್ ವಾಕ್ಯ ಕನ್ನಡ ಲಿಪಿಯಲ್ಲಿ, ಕೆಳಗೆ ಅರ್ಥ. ಬಾ. ಊಟವಾಯಿತೇ? ಈ ಬಸ್ಸು ಸ್ಟೇಷನ್ನಿಗೆ ಹೋಗುತ್ತದೆಯೇ?

“ಬೆಕ್ಕಿಗೆ ಬಸ್ ಯಾಕ್ರೀ?” ಎಂದೆ.

“ದಿನಾ ಕಿಟಕ್ಯಾಗ ಕುಂತು ನೋಡತದಲ್ಲ, ತಿಳಕೊಳ್ಳಲಿ ಬಿಡು.”

ವಾರಕ್ಕೊಮ್ಮೆ ಚೀಟಿ ಬದಲಾಗುತ್ತಿದ್ದವು. ಸೀರೆಯ ಚೂರಿನ ಹಿಂದೆ ಬೆಕ್ಕು ಓಡಿತು, ಬೆಕ್ಕಿನ ಹಿಂದೆ ನಾನು. ನನಗೂ ಹಸಿವಾಗತೊಡಗಿತು. ಒಂದು ದಿನ ಅಭ್ಯಾಸಬಲದಿಂದ ನಿಜವಾದ ಬಸ್ ಡ್ರೈವರನ್ನೇ ಸ್ಟೇಷನ್ನಿನ ಪ್ರಶ್ನೆ ಕೇಳಿಬಿಟ್ಟೆ. ಅವನು ಉತ್ತರ ಕೊಟ್ಟ. ಬೆಕ್ಕು ಒಮ್ಮೆಯೂ ಕೊಟ್ಟಿರಲಿಲ್ಲ.

ಈ ಸುದ್ದಿ ಹೇಳಲು ಭಾನುವಾರ ಬೆಳಿಗ್ಗೆ ಮೇಲೆ ಹೋದೆ. ಬಾಗಿಲು ಓರೆಯಾಗಿತ್ತು. ಒಳಗೆ ಕಾಕಾ ಮೂಗಿನ ಕರವಸ್ತ್ರದೊಳಗಿಂದಲೇ ಕರೆಯುತ್ತಿದ್ದರು: “ಬಾರವ್ವಾ ನನ್ನ ಬಂಗಾರ, ಉಣ್ಣ ಬಾ.” ಹಲಗೆಯ ತುದಿಯಿಂದ ಬೆಕ್ಕು ಒಂದೇ ನೆಗೆತಕ್ಕೆ ಇಳಿದು ಬಂತು.

“ಕಾಕಾ, ಇದಕ್ಕ ಕನ್ನಡ ಬರತದಲ್ರೀ!”

ಅವರು ತಲೆ ಎತ್ತಲಿಲ್ಲ. ಚಮಚದಿಂದ ಡಬ್ಬಿಯ ತಳ ಕೆರೆಯುತ್ತಲೇ ಹೇಳಿದರು: “ಒಳಗ ಒಬ್ಬಾಕೀನ ಕುಂತ್ರ ಜೀವ ಒಣಗತದವ್ವಾ. ಡಾಕ್ಟರು ಒಬ್ಬಾಕಿಗೆ ಹೇಳಿದ್ರು. ನಾ ಇಬ್ಬರಿಗೂ ಅಂತ ತಿಳಕೊಂಡೆ.”

ಹೇಳಿ ಸ್ನಾನಕ್ಕೆ ಹೋದರು. ನನಗೆ ಅಳು ಬಂತು. ಬೆಕ್ಕನ್ನು ತಬ್ಬಿಕೊಂಡು ಬಹಳ ಹೊತ್ತು ಮಾತಾಡಿದೆ, ಕನ್ನಡದಲ್ಲಿ.