ಬ್ಯಾಟರಿ ಪೂಜೆಗೆ ಕೂತಾಗ

೧೯೮೯ರಲ್ಲಿ ಏಳನೆಯ ತರಗತಿಯಲ್ಲೇ ಶಾಲೆಗೆ ಶರಣು ಹೇಳಿ ವೆಲ್ಡಿಂಗ್ ಕಲಿಯಲು ಕೂತವನು ನಾನು. ಅಂದಿನಿಂದ ಓದಿ ತಿಳಿದದ್ದಕ್ಕಿಂತ ಬಿಚ್ಚಿ ತಿಳಿದದ್ದೇ ಹೆಚ್ಚು. ದಿಲ್‌ಸುಖ್‌ನಗರದ ಎಷ್ಟೋ ಕಿಟಕಿಗಳಿಗೆ ಗ್ರಿಲ್ ಕೂಡಿಸಿದವನು ತನ್ನ ಮನೆಗೇಕೆ ಕಳ್ಳರ ಅಲಾರಾಂ ಹಾಕಿಸಿದ ಎಂದು ನೀವು ಕೇಳಬಹುದು. ಗ್ರಿಲ್ ಎಷ್ಟು ಗಟ್ಟಿ ಎಂಬುದು ಮಾಡಿದವನಿಗೆ ಗೊತ್ತಿರುತ್ತದೆ, ಅಷ್ಟು ಸಾಕು.

ಕರೆಂಟ್ ಹೋದರೂ ಅಲಾರಾಂ ಪೆಟ್ಟಿಗೆಯೊಳಗಿನ ಬ್ಯಾಟರಿ ಮನೆ ಕಾಯುತ್ತದೆ, ಅದನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಅಲಾರಾಂ ಕೂಡಿಸಿದವನು ಹೇಳಿ ಹೋಗಿದ್ದ. ನಾನು ಅದನ್ನು ಮನೆಮಗನಂತೆ ಸಾಕಿದೆ. ಕಳೆದ ಖಂಡೇನವಮಿಗೆ ಡ್ರಿಲ್ಲು, ಕಟಿಂಗ್ ಮೆಷಿನ್‌ಗಳ ಪಕ್ಕ ಅದನ್ನೂ ಪೆಟ್ಟಿಗೆಯಿಂದ ಬಿಚ್ಚಿ ತಂದು ಕೂಡಿಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದೆ. ದುಡಿಯುವ ಸಾಮಾನಿಗೆ ಹಬ್ಬ ಬೇಡವೇ? ಹಾಗೆ ಪೂಜೆಗೆ ಕೂತದ್ದನ್ನು ದಸರಾ ಮುಗಿಯುವವರೆಗೆ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಗಂಗಮ್ಮನ ತವರು ರಾಯಚೂರಿಗೆ ಹೊರಟೆವು. ನನ್ನ ಕೆಲಸದ ನೆವದಲ್ಲಿ ಆಕೆಗೆ ಮೂರು ದಸರಾ ತಪ್ಪಿದ್ದವು. ಈ ಸಲ ಅಣ್ಣನ ಕೈಗೆ ಬನ್ನಿ ಕೊಟ್ಟೇ ತೀರುತ್ತೇನೆ ಎಂದು ವಾರದಿಂದ ಹೇಳುತ್ತಿದ್ದಳು. ಊರಿಗೆ ಹೋಗುವಾಗ ಪಕ್ಕದ ಮನೆಯ ವೆಂಕಟಮ್ಮನವರಿಗೆ ಕೀಲಿ ಕೊಡುವುದು ರೂಢಿ. ಈ ಸಲ ನಾನು, ಅಲಾರಾಂ ಇದೆಯಲ್ಲ ಎಂದು ಕೀಲಿಯನ್ನು ಕಿಸೆಗೆ ಹಾಕಿಕೊಂಡೆ. ಹಾಗಾದರೆ ಇನ್ನು ನಾವು ಬೇಡ ಅನ್ನಿ ಎಂದು ಅವರು ತೆಲುಗಿನಲ್ಲಿ ನಕ್ಕಂತೆ ಮಾಡಿದರು.

ಕಾಚಿಗೂಡದಲ್ಲಿ ರೈಲು ಹತ್ತಿ ಬುತ್ತಿಗಂಟು ಮೇಲಿಟ್ಟಿದ್ದೆವಷ್ಟೆ, ವೆಂಕಟಮ್ಮನವರ ಫೋನು. ಓಣಿಯಲ್ಲಿ ಕರೆಂಟ್ ಹೋಗಿದೆ, ನಿಮ್ಮ ಮನೆ ಒಂದೇ ಸಮನೆ ಕೂಗುತ್ತಿದೆ ಎಂದರು. ಹೊರಗೋಡೆಯ ಸೈರನ್ನಿಗೆ ತನ್ನದೇ ಪುಟ್ಟ ಬ್ಯಾಟರಿ ಉಂಟು. ಪೆಟ್ಟಿಗೆಯಿಂದ ಕರೆಂಟ್ ಬರುವುದು ನಿಂತರೆ ಕಳ್ಳ ವೈರು ಕತ್ತರಿಸಿದನೆಂದೇ ಅದರ ತಿಳುವಳಿಕೆ.

“ದೊಡ್ಡ ಬ್ಯಾಟರಿ ಎಲ್ಲೈತ್ರಿ?” ಎಂದಳು ಗಂಗಮ್ಮ.

“ಪೂಜಾದಾಗ.”

ಆಕೆ ಮೇಲಿದ್ದ ಬುತ್ತಿಗಂಟನ್ನು ಇಳಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು. “ಕೀಲಿ ನಿಮ್ಮ ಕಿಸೇದಾಗ ಐತಿ. ಟಿಕೆಟ್ ನನ್ನ ಹತ್ರ ಐತಿ. ನೀವು ಇಳೀರಿ, ನಾ ಹೋಗಿ ಬರ್ತೀನಿ.”

ಇಳಿದೆ.

ಮನೆಗೆ ಬಂದರೆ ವೆಂಕಟಮ್ಮನವರು ಕಿವಿಗೆ ಹತ್ತಿ ಇಟ್ಟುಕೊಂಡು, ಕೈಯಲ್ಲಿ ಕಸಬರಿಗೆ ಹಿಡಿದು, ನಮ್ಮ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಿದ್ದರು. ಒಳಗೆ ಹೋಗಿ ಹೂವು ತೆಗೆದು, ಕ್ಷಮಿಸಪ್ಪಾ ಎಂದು ಬ್ಯಾಟರಿಗೆ ಕೈಮುಗಿದು, ಪೆಟ್ಟಿಗೆಗೆ ಸೇರಿಸಿದೆ. ಓಣಿ ಸುಮ್ಮನಾಯಿತು. ಆ ದಸರಾದಲ್ಲಿ ನನಗೆ ಬನ್ನಿ ಕೊಟ್ಟು ಊಟಕ್ಕೆ ಕರೆದವರು ವೆಂಕಟಮ್ಮನವರೊಬ್ಬರೇ.

ಈಗ ನನಗಿರುವುದು ಇಷ್ಟು: ಸ್ವಂತ ಮನೆ ಒಂದು, ವೆಲ್ಡಿಂಗ್ ಮೆಷಿನ್ ಎರಡು, ಅಲಾರಾಂ ಒಂದು, ಹೆಂಡತಿ ಒಬ್ಬಳು. ಈ ವರ್ಷದ ದಸರೆಗೆ ಆಕೆ ತೆಗೆಸಿಟ್ಟಿರುವ ಟಿಕೆಟ್ಟೂ ಒಂದೇ.