ಪೊಯ್ಯೆಮೂಲೆಯವರೆಲ್ಲ ನಮ್ಮವರು

ನಮ್ಮ ಚಿಕ್ಕಪ್ಪನಿಗೆ ಊರಿಡೀ ಸಂಬಂಧಿಕರು. ಅದು ಆ ಸಂಬಂಧಿಕರಿಗೆ ಗೊತ್ತಿಲ್ಲ, ಅಷ್ಟೆ! ‘ಪೊಯ್ಯೆಮೂಲೆ’ ಎಂಬ ನಮ್ಮ ಮನೆ ಹೆಸರು ಎಲ್ಲಿ ಕಂಡರೂ ಅದು ನಮ್ಮ ಕುಟುಂಬ. ಒಮ್ಮೆ ಕುಂಬ್ರದಲ್ಲಿ ಪಿಕಪ್ಪೊಂದರ ಗಾಜಿನ ಮೇಲೆ ಆ ಹೆಸರು ಕಂಡು ರಸ್ತೆಗಿಳಿದು ಗಾಡಿ ನಿಲ್ಲಿಸಿಯೇ ಬಿಟ್ಟರು.

“ನೀನು ಯಾರ ಮಗ?”

“ಎಂತ, ಎಲ್ಲಿಗಾದ್ರೂ ತಾಗಿತಾ?” ಎಂದು ಡ್ರೈವರ್ ಬೆವರಿದ. ಗಾಡಿ ಸೆಕೆಂಡ್ ಹ್ಯಾಂಡಂತೆ, ಹೆಸರು ಹಿಂದಿನ ಮಾಲಕರದ್ದಂತೆ.

“ಅಡ್ಡಿಯಿಲ್ಲ, ಗಾಡಿಯಾದರೂ ನಮ್ಮದೇ,” ಎಂದು ಚಿಕ್ಕಪ್ಪ ಬಾನೆಟ್ ತಟ್ಟಿದರು. ನಾನು ಅಂಗಡಿಯ ಬಾಳೆಗೊನೆಯ ಹಿಂದೆ ಅಡಗಿದ್ದೆ.

ಈ ಹುಚ್ಚು ಹತ್ತಿದ್ದು ಗಲ್ಫಿನಲ್ಲಿ. ಅಲ್ಲಿ ಅವರ ಸಾಹೇಬ ವೇಲ್ಸ್ ದೇಶದ ಇವಾನ್ಸ್. ಇವಾನ್ ಎಂಬ ಯಾವನೋ ಅಪ್ಪನ ಹೆಸರು ಮಕ್ಕಳಿಗೆ ಅಂಟಿಕೊಂಡು, ಅವರು ಗಣಿ, ಹಡಗು ಎಂದು ಹೋದಲ್ಲೆಲ್ಲ ಹಬ್ಬಿತಂತೆ. ಯಾವ ಇವಾನ್ಸ್ ಸಿಕ್ಕಿದರೂ ಸಾಹೇಬ ಕೈ ಕುಲುಕುತ್ತಿದ್ದನಂತೆ.

“ಅವರದ್ದು ಅಪ್ಪನ ಹೆಸರು, ನಮ್ಮದು ಜಾಗೆಯ ಹೆಸರು. ಜಾಗೆಯಲ್ಲಿ ಕೂತವರೂ ಪೊಯ್ಯೆಮೂಲೆಯವರೇ,” ಎಂಬುದು ಚಿಕ್ಕಪ್ಪನ ವಾದ.

ನಾನು ಪುತ್ತೂರಿನಲ್ಲಿ ಇತಿಹಾಸದ ಮೇಷ್ಟ್ರು. ಪೊಯ್ಯೆಮೂಲೆ ಎಂದರೆ ಅರಸರು ಕೊಟ್ಟ ಉಂಬಳಿ ಎಂದು ಸ್ಟಾಫ್‌ರೂಮಿನಲ್ಲಿ ಬುರುಡೆ ಬಿಟ್ಟಿದ್ದೆ. ಒಂದು ದಿನ ಚಿಕ್ಕಪ್ಪ ಅಲ್ಲಿಗೇ ಬಂದು ಚಹಾ ಕುಡಿಯುತ್ತ, “ಉಂಬಳಿಯಾ? ಪೊಯ್ಯೆ ಅಂದ್ರೆ ಹೊಯಿಗೆ, ಮರಳು. ನೆರೆಗೆ ಅದು ಬಂದು ಬೀಳುವ ಮೂಲೆ ಮಾರಾಯ್ರೆ. ಹುಲ್ಲೂ ಹುಟ್ಟುದಿಲ್ಲ ಅಂತ ನಮ್ಮ ಅಜ್ಜನಿಗೆ ಬಿಟ್ಟದ್ದು,” ಎಂದರು. ಮುಖ ಎಲ್ಲಿಡಲಿ!

ಆಲೆಟ್ಟಿಯ ಆ ಜಾಗೆಯನ್ನು ಅಪ್ಪ ಎಂದೋ ಮಾರಿದರು. ಹೆಸರು ಮಾತ್ರ ಹೊತ್ತುಕೊಂಡು ಕಡಬಕ್ಕೆ ಬಂದೆವು. ಕೊಂಡವರು ವ್ಯಾಪಾರಸ್ಥ ಬ್ಯಾರಿ ಮುಸ್ಲಿಮರು. ಊರವರು ಈಗ ಅವರನ್ನೂ ಪೊಯ್ಯೆಮೂಲೆಯವರು ಎನ್ನುತ್ತಾರೆ. ಕಳೆದ ವರ್ಷ ನಮ್ಮ ಮನೆಯಲ್ಲಿ ಕುಟುಂಬದವರೆಲ್ಲ ಸೇರುವುದೆಂದಾದಾಗ ಚಿಕ್ಕಪ್ಪ ಅವರನ್ನೂ ಕರೆದು ಬಂದರು. ನೆಂಟರು ಏನೆಂದಾರು? ನಾನು ಗುಟ್ಟಾಗಿ ಆ ಮನೆಗೆ ಫೋನ್ ಮಾಡಿ, ಕಾರ್ಯಕ್ರಮ ಮುಂದೆ ಹೋಗಿದೆ ಎಂದು ಸುಳ್ಳು ಹೇಳಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಅಂದು ಎಲ್ಲರ ಊಟವಾದರೂ ಚಿಕ್ಕಪ್ಪ ಗೇಟಿನ ಬಳಿ ಕುರ್ಚಿ ಹಾಕಿ ಕೂತಿದ್ದರು. “ಆಲೆಟ್ಟಿಯವರು ಬರ್ಲಿ, ಒಟ್ಟಿಗೆ ಕೂರ್ತೇನೆ,” ಎಂದರು. ಹಸಿವು ತಡೆಯುವ ಜೀವವಲ್ಲ ಅದು. ನಾನು ಎರಡು ಸಲ ಕರೆದೆ, ಏಳಲಿಲ್ಲ.

ಮೂರು ಗಂಟೆಗೆ ಅವರ ಫೋನ್ ಹೊಡೆಯಿತು. ಕಿವಿ ಮಂದವಾದ್ದರಿಂದ ಚಿಕ್ಕಪ್ಪ ಯಾವಾಗಲೂ ಸ್ಪೀಕರ್ ಹಾಕುತ್ತಾರೆ. ಆಲೆಟ್ಟಿ ಮನೆಯ ಯಜಮಾನ. “ಮಾಮ, ಮುಂದೆ ಹೋಯ್ತು ಅಂತ ನಿಮ್ಮ ಮಾಸ್ಟ್ರು ಹೇಳಿದ್ರಲ್ಲ, ಹೊಸ ತಾರೀಕು ಯಾವಾಗ? ಉಮ್ಮ ಹೊಸ ಬಟ್ಟೆ ತೆಗೆದಿಟ್ಟು ದಿನಾ ಕೇಳುದು.”

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಹೌದು, ಮುಂದೆ ಹೋಗಿದೆ,” ಎಂದರು ಫೋನಿಗೆ. “ನಾನೇ ಅವನ ಹತ್ರ ಹೇಳ್ಲಿಕ್ಕೆ ಹೇಳಿದ್ದು. ನಂಗೆ ಸ್ವಲ್ಪ ಜ್ವರ.”

ಫೋನ್ ಇಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಸುಖವಿತ್ತು.

“ನಾಳೆ ಆಲೆಟ್ಟಿಗೆ ಹೋಗುವ, ನೀನೂ ಬಾ,” ಎಂದರು. “ನಾನೇ ಹೇಳಿದ್ದು ಅಂತ ಇರ್ಲಿ. ನಿನಗೆ ಇನ್ನೂ ಅವರ ಮುಖ ನೋಡ್ಲಿಕ್ಕೆ ಉಂಟಲ್ಲ.”

ಊಟಕ್ಕೆಂದು ಅವರ ಕೈ ಹಿಡಿದು ಎಬ್ಬಿಸಿದೆ. ‘ಜ್ವರ’ದ ಕೈ ತಣ್ಣಗಿತ್ತು.