ತಪ್ಪು ಗುಂಡಿ ಒತ್ತಿದವರ ಗಮನಕ್ಕೆ

"ಈ ಕಂಪ್ಯೂಟರಿನ ಮೇಲೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಬೀಳಕೂಡದು! ಸಂಜೆ ಐದರೊಳಗೆ ಇದನ್ನ ಮಾತಾಡಿಸದೇ ಇದ್ರೆ ನಾನು ಲೈಬ್ರರಿಯನ್ನೇ ಅಲ್ಲ!"

ಶನಿವಾರ ಬೆಳಗ್ಗೆ ಲೈಬ್ರರಿಯನ್ ಸಾಹೇಬರು ಹೀಗೆ ಗುಡುಗಿದಾಗ ಅವರ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ಆದ್ದರಿಂದ ಪ್ರತಿಜ್ಞೆಯ ಅರ್ಧ ಭಾಗ ಕನ್ನಡಿಯ ಮೇಲೆ ಸಿಡಿಯಿತು.

"ಮೊದಲು ಅದನ್ನ ಒರೆಸಿ," ಎಂದಳು ಹೆಂಡತಿ. ಆಕೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಜನರಿಗೆ ಸೂಜಿ ಚುಚ್ಚಿ ಚುಚ್ಚಿ ಮಾತಿಗೂ ಅದೇ ಅಭ್ಯಾಸ.

ಕಂಪ್ಯೂಟರು ಮೂಕವಾಗಿ ಎರಡು ದಿನವಾಗಿತ್ತು. ಬೇರೆಯವರ ಮನೆಯಲ್ಲಾದರೆ ಇದು ದೊಡ್ಡ ಸಂಗತಿಯಲ್ಲ, ನೆಮ್ಮದಿಯ ಸಂಗತಿ. ಆದರೆ ಈ ಯಂತ್ರದ ಹೊಟ್ಟೆಯಲ್ಲಿ ಅನೌನ್ಸರ್ ಇದ್ದ.

ಅನೌನ್ಸರ್ ಅಂದರೆ ಸಾಹೇಬರ ಬಾಲ್ಯದ ಗೆಳೆಯ. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಮೈಕಿನಲ್ಲಿ ಹೇಳುವುದು ಅವನ ಉದ್ಯೋಗ. ರೈಲು ನಾಲ್ಕು ಗಂಟೆ ತಡ ಎಂಬುದನ್ನು ಅವನು ಮನೆಯಲ್ಲಿ ಮಗು ಹುಟ್ಟಿದ ಸುದ್ದಿಯಂತೆ ಹೇಳುತ್ತಿದ್ದ. ಕೇಳಿದವರು ಸಿಟ್ಟಾಗುವುದನ್ನೇ ಮರೆತು ಮತ್ತೆ ಬೆಂಚಿನ ಮೇಲೆ ಕೂರುತ್ತಿದ್ದರು. ಸಾಹೇಬರ ಕಂಪ್ಯೂಟರನ್ನು ಜೋಡಿಸಿಕೊಟ್ಟವನೂ ಅವನೇ. ಜೋಡಿಸುವಾಗ ಸಾಹೇಬರಿಗೆ ತಿಳಿಯದಂತೆ ಒಂದು ಕಿತಾಪತಿ ಮಾಡಿದ್ದ. ಕಂಪ್ಯೂಟರಿನಲ್ಲಿ ಏನಾದರೂ ತಪ್ಪಾದಾಗ "ಟಣ್" ಎನ್ನುತ್ತದಲ್ಲ, ಆ ಟಣ್ಣನ್ನು ಕಿತ್ತು ಅಲ್ಲಿ ತನ್ನ ದನಿ ಕೂರಿಸಿದ್ದ.

"ಪ್ರಯಾಣಿಕರ ಗಮನಕ್ಕೆ! ಲೈಬ್ರರಿಯನ್ ಸಾಹೇಬರು ಮತ್ತೊಮ್ಮೆ ತಪ್ಪು ಗುಂಡಿ ಒತ್ತಿದ್ದಾರೆ. ದಯವಿಟ್ಟು ಅವರ ಹೆಂಡತಿಯನ್ನು ಕರೆಯಿರಿ."

ಯಂತ್ರ ಆರಿಸಿದರೆ ಇನ್ನೊಂದು: "ಸಾಹೇಬರು ಸೋತು ಹೊರಡುತ್ತಿದ್ದಾರೆ. ದಯವಿಟ್ಟು ಬಾಗಿಲಿಗೆ ಅಡ್ಡ ನಿಲ್ಲಬೇಡಿ."

ಸಾಹೇಬರು ವರ್ಷಗಟ್ಟಲೆ ಇದನ್ನು ತೆಗೆದುಹಾಕು ಎಂದು ಜಗಳವಾಡಿದ್ದರು. ಅವನು ತೆಗೆಯಲಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ದಿನ ಕೆಲಸ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಅದಾದ ಮೇಲೆ ಬಹಳ ದಿನ ಸಾಹೇಬರು ಕಂಪ್ಯೂಟರಿನ ಕಡೆ ಹೋಗಿರಲಿಲ್ಲ. ಹೋದ ದಿನ, ರೂಢಿಯಂತೆ, ತಪ್ಪು ಗುಂಡಿಯನ್ನೇ ಒತ್ತಿದರು. ಕೋಣೆಯ ತುಂಬ ಅವನ ದನಿ. ಸಾಹೇಬರು ಮತ್ತೆ ಅದೇ ಗುಂಡಿ ಒತ್ತಿದರು. ಅಡಿಗೆಮನೆಯಲ್ಲಿದ್ದ ಹೆಂಡತಿ ಏನೂ ಕೇಳಲಿಲ್ಲ. ಆಕೆ ಏನೂ ಕೇಳದ ದಿನಗಳು ಈ ದಾಂಪತ್ಯದಲ್ಲಿ ಬಹಳ ಕಡಿಮೆ.

ಅನೌನ್ಸರನ ಹೆಂಡತಿಯನ್ನು ಸಾಹೇಬರು ಅತ್ತಿಗೆ ಎಂದೇ ಕರೆಯುವುದು. ಬುಧವಾರ ಫೋನಿನಲ್ಲಿ ಅತ್ತಿಗೆ ಹೇಳಿದ್ದರು: "ಫೋಟೋ ಬೇಕಾದಷ್ಟಿವೆ. ದನಿ ಮಾತ್ರ ಎಲ್ಲೂ ಇಲ್ಲ. ಮದುವೆ ವೀಡಿಯೋ ಹಾಕಿದ್ರೆ ಅದರ ಮೇಲೆಲ್ಲ ಹಾಡು ಸುರಿದುಬಿಟ್ಟಿದ್ದಾರೆ. ಸ್ಟೇಷನ್ನಿಗೆ ಹೋದೆ, ಅಲ್ಲೀಗ ಯಾವುದೋ ಮೆಷೀನ್ ಮಾತಾಡುತ್ತೆ."

ಸಾಹೇಬರ ಎದೆ ಉಬ್ಬಿತು. "ಶನಿವಾರ ಐದಕ್ಕೆ ಬನ್ನಿ ಅತ್ತಿಗೆ. ನಾನು ಕೇಳಿಸ್ತೀನಿ!"

ಹೀಗೆ ಮಾತು ಕೊಟ್ಟ ಮರುದಿನವೇ ಯಂತ್ರದ ಬಾಯಿ ಕಟ್ಟಿತು.

ರಿಪೇರಿ ಅಂಗಡಿಯವನಿಗೆ ಫೋನು ಹೋಯಿತು.

"ಸೌಂಡ್ ಬರ್ತಿಲ್ವಾ ಸಾರ್? ಫಾರ್ಮ್ಯಾಟ್ ಮಾಡ್ಬಿಡೋಣ."

"ಮಾಡಿದ್ರೆ ಒಳಗಿರೋದೆಲ್ಲ ಏನಾಗುತ್ತೆ?"

"ಎಲ್ಲಾ ಹೋಗಿ ಹೊಸದಾಗುತ್ತೆ ಸಾರ್. ಹುಟ್ಟಿದ ಮಗು ಥರ!"

"ನೀವು ನೆಗಡಿ ಆದ್ರೂ ಫಾರ್ಮ್ಯಾಟ್ ಮಾಡ್ಕೊಳ್ತೀರೇನ್ರೀ?" ಎಂದು ಸಾಹೇಬರು ಫೋನು ಇಟ್ಟರು. ಅನೌನ್ಸರ್ ಆ ದನಿಯನ್ನು ಯಂತ್ರದ ಯಾವ ಮೂಲೆಯಲ್ಲಿ ಅಡಗಿಸಿಟ್ಟಿದ್ದನೋ ಅವನು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಅಳಿಸಿದರೆ ಅಳಿಸಿಯೇ ಹೋಯಿತು. ಬ್ರಷ್ ಬಾಯಲ್ಲಿಟ್ಟು ಗುಡುಗಿದ್ದು ಅದಕ್ಕೇ.

ಸರಿ, ಶಸ್ತ್ರಚಿಕಿತ್ಸೆ ಶುರುವಾಯಿತು! ಗ್ರಂಥಾಲಯದಿಂದ ತಂದ ಕಂಪ್ಯೂಟರ್ ಪುಸ್ತಕದಲ್ಲಿ ಹೀಗಿತ್ತು: ಡ್ರೈವರ್ ಎಂದರೆ ಯಂತ್ರಕ್ಕೂ ಅದರ ಅಂಗಾಂಗಗಳಿಗೂ ನಡುವಿನ ದುಭಾಷಿ. ಶಬ್ದಕ್ಕೊಬ್ಬ, ಚಿತ್ರಕ್ಕೊಬ್ಬ. ಅವನು ಕೈಕೊಟ್ಟರೆ ಕಿತ್ತುಹಾಕಿ ಮತ್ತೆ ಕೂರಿಸಬೇಕು. ಇಷ್ಟೇ ತಾನೇ! ಸಾವಿರಾರು ಪುಸ್ತಕಗಳನ್ನು ಅಂಕೆಯಲ್ಲಿಟ್ಟವರಿಗೆ ಒಬ್ಬ ದುಭಾಷಿ ಯಾವ ಲೆಕ್ಕ?

ಶಬ್ದದ ಡ್ರೈವರನ್ನು ಕಿತ್ತರು. ಬಹಳ ಸಲೀಸಾಗಿ ಹೋಯಿತು. ಕೀಳುವ ಕೆಲಸಗಳೆಲ್ಲ ಹಾಗೆಯೇ. ಮತ್ತೆ ಕೂರಿಸಲು ಹೋದರೆ "ಯಾವ ಡ್ರೈವರ್?" ಎಂದಿತು ಯಂತ್ರ. ಪಟ್ಟಿಯಲ್ಲಿ ನೂರಾರು ಹೆಸರು. ಸಾಹೇಬರು ಹೆಸರು ಗಂಭೀರವಾಗಿದ್ದುದನ್ನು ಆರಿಸಿದರು. ಸದ್ದಿಲ್ಲ. ಅಷ್ಟರಲ್ಲಿ ಇಂಟರ್ನೆಟ್ಟಿನಲ್ಲಿ ಒಬ್ಬ ಪರೋಪಕಾರಿ ಎದುರಾದ. "ನಿಮ್ಮೆಲ್ಲ ಡ್ರೈವರುಗಳನ್ನೂ ಒಂದೇ ಏಟಿಗೆ ಸರಿಪಡಿಸುತ್ತೇವೆ, ಉಚಿತ!" ಜೀವನವಿಡೀ ಓದಿದ ಮನುಷ್ಯ "ಉಚಿತ" ಎಂಬ ಮೂರಕ್ಷರದ ಮುಂದೆ ಅನಕ್ಷರಸ್ಥನಾದ. ಒತ್ತಿದರು.

ಪರದೆ ಕಪ್ಪಾಯಿತು. ನೇರಳೆಯಾಯಿತು. ಆಮೇಲೆ ಬೆಳಗಿತು, ಅಡ್ಡಡ್ಡವಾಗಿ! ಇಡೀ ಕಂಪ್ಯೂಟರು ಗೋಡೆಗೊರಗಿ ಮಲಗಿದಂತೆ. ಅಕ್ಷರಗಳು ಒಂದೊಂದೂ ಇಟ್ಟಿಗೆ ಗಾತ್ರ. ಮೌಸನ್ನು ಮೇಲೆ ತಳ್ಳಿದರೆ ಬಾಣ ಎಡಕ್ಕೆ ಹೋಗುತ್ತಿತ್ತು.

"ಕುಣಿಯಲಾರದವರಿಗೆ ನೆಲ ಡೊಂಕು ಅಂತಾರಲ್ಲ," ಎಂದಳು ಬಾಗಿಲಲ್ಲಿ ನಿಂತ ಹೆಂಡತಿ, "ನೀವು ನಿಜವಾಗ್ಲೂ ಡೊಂಕು ಮಾಡಿ ತೋರಿಸಿದ್ರಿ. ಶಬ್ದ ತಾನೇ ರಿಪೇರಿ ಮಾಡ್ತಿದ್ದಿದ್ದು? ಚಿತ್ರಕ್ಕೇನಾಯ್ತು?"

"ಎರಡಕ್ಕೂ ಒಳಗೊಳಗೇ ಸಂಬಂಧ ಇರುತ್ತೆ. ನಿನಗೆ ಗೊತ್ತಾಗಲ್ಲ."

"ಗೊತ್ತಾಗುತ್ತೆ. ಹಲ್ಲು ಕೀಳೋಕೆ ಹೋಗಿ ಕಿವಿ ಕಿತ್ತ ಹಾಗೆ."

ಸಾಹೇಬರು ಕತ್ತು ಓರೆ ಮಾಡಿ ಓದಿದರು. ಕತ್ತು ಹಿಡಿದುಕೊಂಡಿತು. ಸೋಫಾದ ಮೇಲೆ ಮಗ್ಗುಲಾಗಿ ಮಲಗಿ ಓದಿದರು. ಕೈ ಮೌಸಿಗೆ ಎಟುಕಲಿಲ್ಲ. ಕೊನೆಗೆ ಮಹಾಮೇಧಾವಿಗಳಿಗೆ ಮಾತ್ರ ಹೊಳೆಯುವ ಉಪಾಯ ಹೊಳೆಯಿತು: ಪರದೆಯನ್ನೇ ಪಕ್ಕಕ್ಕೆ ಮಲಗಿಸಿಬಿಟ್ಟರೆ? ಎರಡು ಕಡೆ ನಿಘಂಟಿನ ಸಂಪುಟಗಳನ್ನು ಒತ್ತುಕೊಟ್ಟು ನಿಲ್ಲಿಸಿದರು.

"ಅಂತೂ ಆ ಪುಸ್ತಕಗಳು ಉಪಯೋಗಕ್ಕೆ ಬಂದ್ವು," ಎಂದಳು ಆಕೆ.

ಯಂತ್ರವನ್ನು ಆರಿಸಿ ಹಚ್ಚಿದರು. ಅದಕ್ಕೆ ಅಷ್ಟರಲ್ಲಿ ಏನು ಜ್ಞಾನೋದಯವಾಯಿತೋ, ಚಿತ್ರವನ್ನು ತಾನೇ ನೆಟ್ಟಗೆ ಮಾಡಿಕೊಂಡಿತ್ತು. ಮಲಗಿದ ಪರದೆಯಲ್ಲಿ ನೆಟ್ಟಗಿನ ಚಿತ್ರ ಮತ್ತೆ ಅಡ್ಡ! ನಿಘಂಟು ಕೆಳಗಿಳಿಸಿ ಪರದೆಯನ್ನು ನಿಲ್ಲಿಸಿದರು. ಯಂತ್ರ ಮತ್ತೆ ಮನಸ್ಸು ಬದಲಾಯಿಸಿತು, ಈ ಸಲ ತಲೆಕೆಳಗು!

ಊಟದ ಹೊತ್ತು ದಾಟಿತು. ಒಂದೊಂದು ತಪ್ಪಿಗೂ ಕೆಂಪು ಗುರುತಿನ ಪೆಟ್ಟಿಗೆಯೊಂದು ಪರದೆಗೆ ಹಾರಿ ಬಂದು ನಿಲ್ಲುತ್ತಿತ್ತು. ಪ್ರತಿ ಸಲವೂ ಸಾಹೇಬರು ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದರು. ಪೆಟ್ಟಿಗೆ ಬಂತು, ದನಿ ಬರಲಿಲ್ಲ. ವಿಚಿತ್ರವೆಂದರೆ ಶಬ್ದದ ಗುರುತಿನ ಪಕ್ಕದಲ್ಲಿ ಹಸಿರು ಗೆರೆಗಳು ಚೆನ್ನಾಗಿಯೇ ಕುಣಿಯುತ್ತಿದ್ದವು. ಶಬ್ದ ಬರುತ್ತಿದೆ ಎಂದು ಯಂತ್ರದ ವಾದ. ಬರುತ್ತಿಲ್ಲ ಎಂದು ಕಿವಿಯ ವಾದ.

"ಎಲ್ಲಿ ಹೋಗ್ತಿದೀಯೋ ಮಹರಾಯ?" ಎಂದು ಸಾಹೇಬರು ಪರದೆಗೇ ಕೇಳಿದರು. "ಬೇಡ ಅಂದಾಗ ಊರಿಗೆಲ್ಲ ಕೇಳೋ ಹಾಗೆ ಬಯ್ದೆ. ಇವತ್ತೊಂದು ದಿನ ಬಯ್ಯೋಕೇನು ದಾಡಿ?"

ನಾಲ್ಕೂವರೆಗೆ ಹೆಂಡತಿ ಕೈಯೊರೆಸಿಕೊಳ್ಳುತ್ತಾ ಬಂದು ಅವರನ್ನು ಕುರ್ಚಿಯಿಂದ ಎಬ್ಬಿಸಿದಳು. ತಲೆಕೆಳಗಾದ ಪರದೆಯನ್ನು ಲ್ಯಾಬಿನ ವರದಿ ಓದುವಂತೆ ನಿಧಾನವಾಗಿ ಓದಿದಳು. ಒಂದು ಕಡೆ ಬೆರಳಿಟ್ಟಳು.

"ಇಲ್ಲಿ ಬರೆದಿದೆಯಲ್ರೀ. ಹಿಂದಿನ ಡ್ರೈವರಿಗೆ ಮರಳಿ."

ಒತ್ತಿದಳು. ಪರದೆ ಕಣ್ಣು ಮಿಟುಕಿಸಿ ಸೂಜಿಯಷ್ಟು ನೆಟ್ಟಗಾಯಿತು. ಶಬ್ದದ ಡ್ರೈವರಿಗೂ ಹಾಗೆಯೇ ಮಾಡಿದಳು. ಕೆಂಪು ಪೆಟ್ಟಿಗೆಗಳೆಲ್ಲ ಮಾಯ.

"ಎಷ್ಟು ಒಳ್ಳೇ ಬಟನ್ನು," ಎಂದು ಆಕೆ ನಿಟ್ಟುಸಿರು ಬಿಟ್ಟಳು. "ಮದುವೇಲೂ ಒಂದು ಇಟ್ಟಿರಬೇಕಿತ್ತು."

ಆದರೆ ದನಿ? ಕಂಪ್ಯೂಟರು ಈಗ ಸರ್ವಾಂಗ ಸುಂದರ, ಮೂಕ ಮಾತ್ರ. ಸಾಹೇಬರಿಗೆ ಇನ್ನು ಮುಟ್ಟುವ ಧೈರ್ಯ ಉಳಿದಿರಲಿಲ್ಲ. ಅಂಗಿ ಬದಲಾಯಿಸಿ, ಅತ್ತಿಗೆಗೆ ಕುರ್ಚಿ ಹಾಕಿ, ಏನು ಹೇಳುವುದೆಂದು ಯೋಚಿಸುತ್ತಾ ಕೂತರು. ಐದಾಯಿತು. ಐದೂಕಾಲು ಆಯಿತು. ಅತ್ತಿಗೆ ಹೊತ್ತಿಗೆ ಸರಿಯಾಗಿ ಬರುವವರು. ರೈಲಿನವನನ್ನು ಕಟ್ಟಿಕೊಂಡ ಮೇಲೆ ಒಬ್ಬರಾದರೂ ಹೊತ್ತಿಗೆ ಬರಲೇಬೇಕಿತ್ತಲ್ಲ. ಬರುವುದು ಬೇಡ ಅನ್ನಿಸಿರಬೇಕು, ಪಾಪ. ಬಂದು ಕೇಳಿ ಮನೆಗೆ ಒಬ್ಬರೇ ಹಿಂದಿರುಗುವುದೂ ಸುಲಭವಲ್ಲ.

ಬಾಗಿಲು ದಬದಬ ಬಡಿಯಿತು. ಅತ್ತಿಗೆಯಲ್ಲ. ಕೆಳಗಿನ ಅಂಗಡಿಯ ಕ್ಷೌರಿಕ, ಕೈಯಲ್ಲಿ ಕತ್ತರಿ.

"ಏನ್ ಸಾಹೇಬ್ರೇ, ಯಾಕೆ ನಿಲ್ಸಿಬಿಟ್ರಿ?"

"ಏನನ್ನ?"

"ಪ್ರೋಗ್ರಾಂ! ಬೆಳಗ್ಗಿಂದ ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ. ಕಟಿಂಗ್ ಆದವರೂ ಏಳ್ತಿಲ್ಲ. 'ಸಾಹೇಬರು ಮತ್ತೊಮ್ಮೆ ತಪ್ಪು ಗುಂಡಿ ಒತ್ತಿದ್ದಾರೆ' ಅಂದಾಗಲೆಲ್ಲ ಒಂದು ಕೇಕೆ! ಮುಂದಿನದು ಎಷ್ಟೊತ್ತಿಗೆ ಅಂತ ಪಂದ್ಯ ಬೇರೆ ಕಟ್ತಿದಾರೆ. ನಗು ತಡೀಲಾರದೆ ಒಬ್ಬರ ಮೀಸೆ ಅರ್ಧ ಹೋಯ್ತು. ಅವರೂ ಪರವಾಗಿಲ್ಲ ಬಿಡು, ಕೇಳೋಣ ಅಂದ್ರು."

ಸಾಹೇಬರು ಹೆಂಡತಿಯ ಕಡೆ ನೋಡಿದರು. ಆಕೆ ಎಂದೂ ನೋಡದಿದ್ದ ಹಾಗೆ ಸೂರನ್ನು ನೋಡುತ್ತಿದ್ದಳು.

"ಆ ಹಳೇ ಸ್ಪೀಕರು..." ಎಂದಳು ಮೆಲ್ಲಗೆ. "ವೈರ್ ಇಲ್ಲದ್ದು. ಧೂಳು ತಿಂತಾ ಬಿದ್ದಿತ್ತು. ಇವರ ರೇಡಿಯೋ ಕೆಟ್ಟಿದೆ ಅಂತ ಮೊನ್ನೆ ನಾನೇ ಕೊಟ್ಟೆ."

"ನಮ್ಮ ಕಂಪ್ಯೂಟರಿಗೆ ಜೋಡಿಸಿದ್ದನ್ನ?"

"ಅದಕ್ಕೆ ನಂಟು ಬಿಡಿಸ್ಬೇಕು ಅಂತ ನನಗೇನು ಗೊತ್ತು?"

ಅಲ್ಲಿಗೆ ತೀರ್ಪು ಸ್ಪಷ್ಟವಾಯಿತು. ಕೆಳಗೆ ಕ್ಷೌರಿಕ ಸ್ಪೀಕರಿನ ಸ್ವಿಚ್ಚು ಹಾಕಿದೊಡನೆ ಮೇಲಿನ ಯಂತ್ರ ಹಳೆಯ ನೆಂಟನನ್ನು ಗುರುತು ಹಿಡಿದು, ತನ್ನ ಮಾತನ್ನೆಲ್ಲ ನಿಯತ್ತಾಗಿ ಅಲ್ಲಿಗೇ ಕಳಿಸುತ್ತಿತ್ತು. ಯಾವ ಡ್ರೈವರೂ ಕೆಟ್ಟಿರಲಿಲ್ಲ! ಸಾಹೇಬರು ಇಡೀ ದಿನ ಆರೋಗ್ಯವಂತನಿಗೆ ಆಪರೇಷನ್ ಮಾಡಿದ್ದರು, ಅದೂ ಬೀದಿಗೆಲ್ಲ ಬಿತ್ತರವಾಗುವಂತೆ.

"ಅಲ್ಲ ಮಾರಾಯಾ, ಅದು ನಾನೇ ಅಂತ ಗೊತ್ತಿತ್ತು ತಾನೇ? ಮೇಲೆ ಬಂದು ಒಂದು ಮಾತು ಹೇಳೋದಲ್ವಾ?"

"ಈ ಬೀದೀಲಿ ಲೈಬ್ರರಿಯನ್ ಇನ್ಯಾರಿದಾರೆ ಸಾರ್? ಆದ್ರೆ ಬಂದ ವ್ಯಾಪಾರಕ್ಕೆ ಕಲ್ಲು ಹಾಕ್ಕೊಳ್ಳೋಕಾಗುತ್ತಾ?"

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅತ್ತಿಗೆ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬಂದರು. ಹತ್ತಿರ ಬಂದ ಮೇಲೆ ತಿಳಿಯಿತು, ಅವರು ನಗುತ್ತಿದ್ದರು. ಮಾತಾಡಲು ಆಗದಷ್ಟು.

"ನಾಲ್ಕು ಗಂಟೆಗೇ ಬಂದೆ ಕಣಪ್ಪಾ," ಎಂದರು ಬಾಗಿಲ ಚೌಕಟ್ಟು ಹಿಡಿದುಕೊಂಡು. "ಮೆಟ್ಟಿಲು ಹತ್ತೋಕೆ ಹೋದ್ರೆ ಅಂಗಡಿಯೊಳಗಿಂದ ಇವರ ದನಿ! ಕಾಲು ಅಲ್ಲೇ ನಿಂತುಬಿಡ್ತು. ಈ ಪುಣ್ಯಾತ್ಮ ಬೆಂಚಲ್ಲಿ ಜಾಗ ಮಾಡಿಕೊಟ್ಟ. ಸೋಪು ಬಳ್ಕೊಂಡ ಇಬ್ಬರು ಗಂಡಸರ ನಡುವೆ ಕೂತು ಕೇಳ್ದೆ. ಎಲ್ಲರೂ ನಗ್ತಿದ್ರು. ನಾನೂ ನಕ್ಕೆ. ಎಷ್ಟು ದಿನ ಆಗಿತ್ತು."

ಕ್ಷೌರಿಕ ಕತ್ತರಿಯನ್ನು ಜೇಬಿಗೆ ಸೇರಿಸಿದ.

"ಕೂತ್ಕೊಳ್ಳಿ ಅತ್ತಿಗೆ," ಎಂದರು ಸಾಹೇಬರು ಕುರ್ಚಿ ಮುಂದಕ್ಕೆಳೆದು. "ಸ್ಪೀಕರ್ ಮೇಲಕ್ಕೆ ತರಿಸ್ತೀನಿ. ಇಲ್ಲೇ ನೆಮ್ಮದಿಯಾಗಿ ಕೇಳ್ಬಹುದು."

"ಬೇಡಪ್ಪಾ. ಒಬ್ಬಳೇ ಕೇಳಿದ್ರೆ ಅಳು ಬರುತ್ತೆ. ನಾನು ಕೆಳಗೇ ಕೂತಿರ್ತೀನಿ. ನೀವು ಇನ್ನೂ ಸ್ವಲ್ಪ ಹೊತ್ತು ರಿಪೇರಿ ಮಾಡ್ತಾ ಇರಿ!"

ಅತ್ತಿಗೆ ಇಳಿದು ಹೋದರು. ಹಿಂದೆಯೇ ಕ್ಷೌರಿಕ.

ಸಾಹೇಬರು ಕುರ್ಚಿಗೆ ಬಂದರು, ಬೆರಳು ಮಡಿಸಿ ಲಟಿಕೆ ಮುರಿದರು, ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಂದು ಒತ್ತಿದರು. ಕಡತವೊಂದು ವಿನಯದಿಂದ ತೆರೆದುಕೊಂಡಿತು. ಮತ್ತೊಂದು ಒತ್ತಿದರು. ಕೆಲಸ ಯಶಸ್ವಿಯಾಗಿದೆ ಎಂದಿತು ಯಂತ್ರ! ಇಡೀ ದಿನ ಮುಟ್ಟಿದ್ದೆಲ್ಲ ಕೆಟ್ಟಿತ್ತು. ಈಗ ಕೆಡಿಸಬೇಕೆಂದರೆ ಒಂದೂ ಕೆಡುತ್ತಿಲ್ಲ.

"ಸಾಹೇಬ್ರೇ, ಶುರು ಮಾಡಿ!" ಕೆಳಗಿಂದ ಕೂಗು ಬಂತು.

ಹಣೆಯ ಬೆವರು ಒರೆಸಿಕೊಂಡು ಸಾಹೇಬರು ಅಡಿಗೆಮನೆಯತ್ತ ತಿರುಗಿದರು. "ಏನೇ, ಸ್ವಲ್ಪ ಬಾರೇ ಇಲ್ಲಿ! ಈ ತಪ್ಪು ಗುಂಡಿ ಯಾವುದು ಅಂತ ಹೇಳಿಕೊಡು!"

ಆಕೆ ಇದ್ದ ಜಾಗದಿಂದ ಅಲುಗಲೂ ಇಲ್ಲ.

"ನಿಮಗೆ ಯಾವುದು ಸರಿ ಅನ್ನಿಸುತ್ತೋ, ಅದನ್ನ ಒತ್ತಿ."

ಸಾಹೇಬರು ಒತ್ತಿದರು. ನೆಲದಡಿಯಿಂದ ನಗು ಎದ್ದು ಬಂತು.